ಮಳೆಗಾಲದ ತರಕಾರಿ: ಫ್ರಿಜ್ಜಿಗೆ ಯಾವುದು, ಬುಟ್ಟಿಗೆ ಯಾವುದು?

ಪ್ರಶ್ನೆ: ಮೂಡಿಗೆರೆ ಹತ್ತಿರದ ತೋಟದ ಮನೆ ನಮ್ಮದು, ಐದು ಜನ ಇದ್ದೇವೆ. ವಾರಕ್ಕೊಮ್ಮೆ ಸಂತೆಯಿಂದ ತರಕಾರಿ ತರುತ್ತೇವೆ. ಮಳೆ ಹಿಡಿದರೆ ಸೊಪ್ಪು ಮೂರನೇ ದಿನಕ್ಕೆ ಲೋಳೆಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಸೌತೆಕಾಯಿ ನೀರು ನೀರಾಗುತ್ತದೆ, ಬೀನ್ಸ್ ಮೇಲೆ ಕಂದು ಚುಕ್ಕೆ ಬರುತ್ತದೆ. ಹೊರಗಿಟ್ಟ ಈರುಳ್ಳಿಗೆ ಕಪ್ಪು ಪುಡಿ. ಹಾಸನದ ಹೊಸ ಆಲೂಗಡ್ಡೆ ಹದಿನೈದು ದಿನವೂ ನಿಲ್ಲುವುದಿಲ್ಲ. ಕರೆಂಟು ಹೋದರೆ ಕೆಲವು ಸಲ ಇಡೀ ದಿನ ಬರುವುದಿಲ್ಲ. ದೊಡ್ಡ ಫ್ರಿಜ್ ತಂದರೆ ಸರಿಹೋಗುತ್ತದೆಯೇ?

ಉತ್ತರ: ದೊಡ್ಡ ಫ್ರಿಜ್ಜಿನ ಯೋಚನೆ ಸದ್ಯಕ್ಕೆ ಬಿಡಿ. ನಿಮ್ಮ ಸೌತೆಕಾಯಿ, ಬೀನ್ಸ್ ಎರಡೂ ಕೆಟ್ಟಿದ್ದು ಫ್ರಿಜ್ಜಿನ ಚಳಿಯಿಂದಲೇ. ಈರುಳ್ಳಿ, ಆಲೂಗಡ್ಡೆಗೆ ಫ್ರಿಜ್ಜೇ ಬೇಡ. ಉಳಿದದ್ದು ಸೊಪ್ಪು, ಅದು ಒದ್ದೆಯಾಗಿಯೇ ಒಳಗೆ ಹೋಗಿದೆ, ಹಾಗಾಗಿ ಲೋಳೆಯಾಗಿದೆ. ಫ್ರಿಜ್ಜು ದೊಡ್ಡದಾದರೆ ಇದೇ ತರಕಾರಿ ಇನ್ನಷ್ಟು ವಿಶಾಲವಾದ ಜಾಗದಲ್ಲಿ ಕೆಡುತ್ತದೆ, ಅಷ್ಟೆ.

ಕಿತ್ತ ಮೇಲೂ ತರಕಾರಿ ಉಸಿರಾಡುತ್ತಿರುತ್ತದೆ. ತನ್ನೊಳಗಿನ ಸಕ್ಕರೆಯನ್ನು ಖರ್ಚು ಮಾಡಿಕೊಂಡು ಶಾಖವನ್ನೂ ನೀರಿನ ಆವಿಯನ್ನೂ ಬಿಡುತ್ತದೆ. ಹತ್ತು ಡಿಗ್ರಿ ಶಾಖ ಏರಿದರೆ ಈ ಉಸಿರಾಟ ಎರಡರಿಂದ ಮೂರು ಪಟ್ಟು ಜೋರಾಗುತ್ತದೆ. ಬೀನ್ಸ್, ಬೆಂಡೆ, ಬಟಾಣಿ, ಸೊಪ್ಪು ಇವೆಲ್ಲ ಬಹಳ ಜೋರಾಗಿ ಉಸಿರಾಡುವ ಜಾತಿ. ಆಲೂಗಡ್ಡೆ, ಈರುಳ್ಳಿ, ಕುಂಬಳ ನಿಧಾನದವು. ಸಂತೆಯಿಂದ ತಂದ ಎರಡು ಕೆ.ಜಿ. ಬೀನ್ಸನ್ನು ಕವರಿನ ಬಾಯಿ ಕಟ್ಟಿದ ಹಾಗೆಯೇ ರಾತ್ರಿ ಬಿಟ್ಟು, ಬೆಳಿಗ್ಗೆ ನಡುವಿಗೆ ಕೈ ಹಾಕಿ ನೋಡಿ. ಬೆಚ್ಚಗಿರುತ್ತದೆ, ಹೊರತೆಗೆದ ಕೈ ತೇವವಾಗಿರುತ್ತದೆ. ಕೊಳೆ ಶುರುವಾಗುವುದಕ್ಕೆ ಅಷ್ಟು ಸಾಕು.

ಇಲ್ಲಿ ಎರಡು ಬೇರೆ ಬೇರೆ ನೀರಿನ ವಿಚಾರ ಇದೆ. ಒಂದು ತರಕಾರಿಯ ಒಳಗಿನ ನೀರು. ಸೊಪ್ಪು ತನ್ನ ತೂಕದಲ್ಲಿ ನೂರಕ್ಕೆ ಐದು ಪಾಲು ನೀರು ಕಳೆದುಕೊಂಡರೆ ಸಾಕು, ಜೋತುಬೀಳುತ್ತದೆ. ಇನ್ನೊಂದು ಮೇಲ್ಮೈಯ ನೀರು. ಬೂಷ್ಟಿನ ಬೀಜಕಣ ಮೊಳೆಯುವುದಕ್ಕೂ ಲೋಳೆ ಮಾಡುವ ಬ್ಯಾಕ್ಟೀರಿಯ ಗಾಯದೊಳಗೆ ನುಗ್ಗುವುದಕ್ಕೂ ಈ ತೆಳುವಾದ ನೀರಿನ ಪದರವೇ ದಾರಿ. ಒಳಗಿನ ನೀರು ಉಳಿಯಬೇಕು, ಮೇಲಿನದು ಹೋಗಬೇಕು. ಬಯಲುಸೀಮೆಯವರಿಗೆ ಮೊದಲನೆಯದು ಕಷ್ಟ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ಎರಡನೆಯದು. ಪತ್ರಿಕೆಗಳಲ್ಲಿ ಬರುವ ಸಲಹೆಗಳು ಬಹುಪಾಲು ಒಣಹವೆಯ ಊರಿನವರಿಗೆ ಬರೆದವು: ಒದ್ದೆ ಬಟ್ಟೆ ಸುತ್ತಿ, ನೀರು ಚಿಮುಕಿಸಿ ಎನ್ನುತ್ತವೆ. ಜಡಿಮಳೆಯಲ್ಲಿ ಅದನ್ನು ಮಾಡಿದರೆ ಕೊಳೆಯನ್ನು ಕರೆದು ಕೂರಿಸಿದಂತೆ.

ಹಾಗಾಗಿ ನಿಜವಾದ ಕೆಲಸ ಇರುವುದು ಸಂತೆಯಿಂದ ಬಂದ ಸಂಜೆಯೇ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಬಂದ ಕೂಡಲೇ ಎಲ್ಲ ಕವರುಗಳ ಬಾಯಿ ಬಿಚ್ಚಿ. ಗೋಣಿಚೀಲವನ್ನೋ ಹಳೇ ಬೆಡ್‌ಶೀಟನ್ನೋ ಹಾಸಿ ತರಕಾರಿಯನ್ನೆಲ್ಲ ಒಂದೇ ಪದರವಾಗಿ ಹರಡಿ, ಫ್ಯಾನ್ ಹಾಕಿ. ಕರೆಂಟಿಲ್ಲದಿದ್ದರೆ ಒಲೆ ಉರಿಯುವ ಕೋಣೆಯಲ್ಲಿ, ಒಲೆಯಿಂದ ಐದಾರು ಅಡಿ ದೂರದಲ್ಲಿ ಹರಡಿದರೂ ಆಗುತ್ತದೆ. ತೊಳೆಯಬೇಡಿ. ಮಣ್ಣಿದ್ದರೆ ಒಣಗಿದ ಮೇಲೆ ಕೈಯಲ್ಲಿ ಉಜ್ಜಿ ಉದುರಿಸಿ. ತೊಳೆಯುವುದೆಲ್ಲ ಅಡುಗೆಗೆ ಮುಂಚೆ. ಮೊದಲೇ ತೊಳೆದರೆ ತೊಟ್ಟಿನ ಸಂದಿಯಲ್ಲಿ, ಎಲೆಯ ಬುಡದಲ್ಲಿ ಕಣ್ಣಿಗೆ ಕಾಣದ ನೀರು ನಿಂತುಬಿಡುತ್ತದೆ. ಫ್ಯಾನ್ ಗಾಳಿ ಅಲ್ಲಿಗೆ ಹೋಗುವುದಿಲ್ಲ. ಹರಡುವಾಗಲೇ ಜಜ್ಜಿದ್ದು, ಹುಳ ಕೊರೆದದ್ದು, ಸಿಪ್ಪೆ ಕಿತ್ತದ್ದನ್ನು ಬೇರೆ ತಟ್ಟೆಗೆ ಹಾಕಿ. ಅದು ಆ ರಾತ್ರಿಯ ಸಾರಿಗೆ, ಮಾರನೇ ದಿನದ ಪಲ್ಯಕ್ಕೆ. ಗಾಯವಾದ ಒಂದು ಕಾಯಿ ಚೆನ್ನಾಗಿರುವ ಹತ್ತರ ನಡುವೆ ಸೇರಬಾರದು.

ಸೊಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚು ನಷ್ಟ ಆಗುವುದು ಅಲ್ಲೇ. ಕಟ್ಟಿಗೆ ಹಾಕಿದ ಬಾಳೆನಾರು ಅಥವಾ ರಬ್ಬರ್‌ ಬ್ಯಾಂಡನ್ನು ಮೊದಲು ಬಿಚ್ಚಿ. ಕಟ್ಟಿನ ಕೆಳಗೆ ದಂಟುಗಳು ಒತ್ತಿ ಜಜ್ಜಿರುತ್ತವೆ, ಲೋಳೆ ಶುರುವಾಗುವುದೂ ಅಲ್ಲಿಂದಲೇ. ಹಳದಿ ಎಲೆ, ಮುರಿದ ದಂಟು, ನಡುವೆ ಸಿಕ್ಕಿಕೊಂಡ ಹುಲ್ಲು ತೆಗೆಯಿರಿ. ಕೊತ್ತಂಬರಿ, ಮೆಂತ್ಯದ ಬೇರಿನಲ್ಲಿ ಕೆಸರು ಅಂಟಿದ್ದರೆ ಬೇರನ್ನು ಕತ್ತರಿಸಿ ಹಾಕಿ. ಹರವಿ ಮುಟ್ಟಿ ನೋಡಿದರೆ ಎಲೆ ತಣ್ಣಗಿರಬೇಕು, ಬೆರಳಿಗೆ ನೀರು ಅಂಟಬಾರದು. ಬಾಡುವಷ್ಟು ಒಣಗಿಸಬೇಡಿ. ಆಮೇಲೆ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಅಗಲವಾದ ಡಬ್ಬಿಯ ತಳಕ್ಕೆ ಹಳೇ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಹಾಸಿ, ಸೊಪ್ಪನ್ನು ಒತ್ತದೆ ಸಡಿಲವಾಗಿ ತುಂಬಿ, ಮೇಲೊಂದು ಒಣ ಬಟ್ಟೆ ಮುಚ್ಚಿ, ಮುಚ್ಚಳ ಹಾಕಿ ಫ್ರಿಜ್ಜಿನ ಮಧ್ಯದ ತಟ್ಟೆಯಲ್ಲಿಡಿ. ಸೊಪ್ಪು ಬಿಟ್ಟ ಆವಿಯನ್ನು ಬಟ್ಟೆ ಹೀರಿಕೊಳ್ಳುತ್ತದೆ. ಮುಚ್ಚಳ ಇರುವುದರಿಂದ ಒಳಗಿನ ಗಾಳಿ ಒಣಗುವುದಿಲ್ಲ. ಎರಡು ದಿನಕ್ಕೊಮ್ಮೆ ಬಟ್ಟೆ ಬದಲಿಸುವುದು ಮುಖ್ಯ. ಅದನ್ನು ಮರೆತರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಹೀಗೆ ಮಾಡಿದರೆ ಕೊತ್ತಂಬರಿ ಎಂಟು-ಹತ್ತು ದಿನ, ಮೆಂತ್ಯ ಐದಾರು ದಿನ, ದಂಟು, ಪಾಲಕ್ ನಾಲ್ಕೈದು ದಿನ ಬರುತ್ತದೆ. ಸಬ್ಬಸಿಗೆಯ ಎಲೆ ಬಹಳ ಸಣ್ಣದು, ಬೇಗ ಬೇಯುವಂತೆ ಬೇಗ ಕೆಡುತ್ತದೆ. ಮೂರು ದಿನದೊಳಗೆ ಮುಗಿಸಿ.

ಬಟ್ಟೆಯ ಬದಲು ಪೇಪರ್ ಸುತ್ತಬಹುದೇ ಎಂದು ಹಲವರು ಕೇಳುತ್ತಾರೆ. ಹೀರಿಕೊಳ್ಳುವುದರಲ್ಲಿ ಪೇಪರ್ ಒಳ್ಳೆಯದೇ. ಆದರೆ ಮುದ್ರಣದ ಶಾಯಿ ಒದ್ದೆಗೆ ಬಿಡುತ್ತದೆ. ವೃತ್ತಪತ್ರಿಕೆಯಲ್ಲಿ ಆಹಾರ ಕಟ್ಟಬೇಡಿ ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಸೂಚನೆ ಕೊಟ್ಟಿದೆ. ಎಲ್ಲರ ಮನೆಯಲ್ಲೂ ಹಳೇ ಹತ್ತಿ ಬಟ್ಟೆ ಇರುವಾಗ ಪೇಪರ್ ಹುಡುಕುವ ಅಗತ್ಯವಾದರೂ ಏನು?

ಕರಿಬೇವನ್ನು ಕಡ್ಡಿಯಿಂದ ಬಿಡಿಸಿ, ಒಣಗಿಸಿ, ಇದೇ ರೀತಿ ಡಬ್ಬಿಯಲ್ಲಿಟ್ಟರೆ ಎರಡು ವಾರ ದಾಟುತ್ತದೆ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದಿಡಿ. ಬೂಷ್ಟು ಹಿಡಿಯುವುದು ತೊಟ್ಟಿನ ಬುಡದ ಸಂದಿಗೆ. ತೊಟ್ಟು ಕೀಳುವಾಗ ಕಾಯಿಯೇ ಹರಿದುಬಿಟ್ಟರೆ ಮಾತ್ರ ಅದನ್ನು ಡಬ್ಬಿಗೆ ಹಾಕದೆ ಆ ದಿನವೇ ಬಳಸಿ.

ಇನ್ನು ನಿಮ್ಮ ಸೌತೆಕಾಯಿ ಮತ್ತು ಬೀನ್ಸ್. ಬಿಸಿಲುಸೀಮೆಯ ಮೂಲದ ತರಕಾರಿಗಳು ಕೆಡಲು ಹಿಮ ಬೀಳುವಷ್ಟು ಚಳಿ ಬೇಕಾಗಿಲ್ಲ. ಹತ್ತು ಡಿಗ್ರಿಗಿಂತ ಕೆಳಗಿನ ತಂಪೇ ಅವಕ್ಕೆ ಪೆಟ್ಟು ಕೊಡುತ್ತದೆ. ಜೀವಕೋಶದ ಪೊರೆ ಆ ಚಳಿಯಲ್ಲಿ ಬಿಗಿದುಕೊಂಡು ಸೋರತೊಡಗುತ್ತದೆ. ಮೋಸ ಏನೆಂದರೆ, ಫ್ರಿಜ್ಜಿನೊಳಗೆ ಇರುವಾಗ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಹೊರಗೆ ತೆಗೆದು ಅರ್ಧ ದಿನ ಕಳೆಯುವುದರೊಳಗೆ ಸೌತೆಯ ಮೇಲೆ ಸಣ್ಣ ಕುಳಿಗಳು, ಕೈಯಲ್ಲಿ ಒತ್ತಿದರೆ ನೀರು. ಬದನೆ ಹೆಚ್ಚಿದರೆ ಬೀಜದ ಸುತ್ತ ಕಂದು. ಬೆಂಡೆಯ ಏಣುಗಳು ಕಪ್ಪು. ಬೀನ್ಸ್ ಮೇಲೆ ತುಕ್ಕಿನ ಬಣ್ಣದ ಚುಕ್ಕೆ. ಇದನ್ನು ರೋಗ ಎಂದುಕೊಂಡು ಅಂಗಡಿಯವನನ್ನು ಬೈಯುವವರಿದ್ದಾರೆ; ಅವನ ತಪ್ಪೇನೂ ಇಲ್ಲ.

ಸೌತೆಕಾಯಿ, ಬದನೆ, ಹಾಗಲಕಾಯಿ, ಮಾಗದ ಟೊಮೆಟೊ ಇವಕ್ಕೆ 10ರಿಂದ 13 ಡಿಗ್ರಿ ಹಿತ. ಬೆಂಡೆ, ದಪ್ಪ ಮೆಣಸಿನಕಾಯಿಗೆ 7ರಿಂದ 10. ಬೀನ್ಸ್ 5 ಡಿಗ್ರಿಯವರೆಗೆ ತಡೆಯುತ್ತದೆ, ಅದಕ್ಕೂ ಕೆಳಗೆ ಇಳಿದರೆ ಚುಕ್ಕೆ. ಬಾಳೆಕಾಯಿ, ಶುಂಠಿ, ಗೆಣಸು ಫ್ರಿಜ್ಜಿಗೆ ಹೋಗಲೇಬಾರದು. ಮಲೆನಾಡಿನ ಮಳೆಗಾಲದಲ್ಲಿ ಮನೆಯೊಳಗೇ 20ರಿಂದ 24 ಡಿಗ್ರಿಯ ಆಸುಪಾಸು ಇರುತ್ತದೆ. ಸೌತೆ, ಬದನೆ ಮೂರು-ನಾಲ್ಕು ದಿನ ಇರುವುದಕ್ಕೆ ಇದೇ ಸಾಕು. ಒಣಗಿಸಿ, ಒಂದರ ಮೇಲೊಂದು ಪೇರಿಸದೆ ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹೊದಿಸಿಡಿ. ಸೀಮೆಬದನೆ ವಾರ, ಹತ್ತು ದಿನ ಹೊರಗೇ ಇರುತ್ತದೆ. ಆಮೇಲೆ ತುದಿ ಬಿರಿದು ಒಳಗಿನ ಬೀಜವೇ ಮೊಳೆತು ಇಣುಕುತ್ತದೆ. ತಿನ್ನಲು ಅಡ್ಡಿಯಿಲ್ಲ, ತಿರುಳು ಸ್ವಲ್ಪ ನಾರಾಗಿರುತ್ತದೆ. ಟೊಮೆಟೊ ತೊಟ್ಟಿನ ಗಾಯದಿಂದಲೇ ನೀರು ಕಳೆದುಕೊಳ್ಳುವುದು, ಆದ್ದರಿಂದ ತೊಟ್ಟು ಕೆಳಗಾಗಿ ಒಂದೇ ಪದರದಲ್ಲಿ ಜೋಡಿಸಿ. ಪೂರ್ತಿ ಮಾಗಿದ್ದನ್ನು ಎರಡು ಮೂರು ದಿನ ಫ್ರಿಜ್ಜಿನಲ್ಲಿಟ್ಟರೆ ಹೆಚ್ಚು ಹಾನಿಯಿಲ್ಲ. ಕಾಯಿಯನ್ನು ಇಟ್ಟರೆ ಅದು ಮುಂದೆ ಸರಿಯಾಗಿ ಹಣ್ಣಾಗುವುದಿಲ್ಲ, ಪರಿಮಳವೂ ಬರುವುದಿಲ್ಲ.

ಬೀನ್ಸ್, ಬೆಂಡೆ, ತೊಂಡೆಯನ್ನು ವಾರ ಇಡಲೇಬೇಕಾದರೆ ಫ್ರಿಜ್ಜಿನ ತೀರಾ ಕೆಳಗಿನ ತರಕಾರಿ ಟ್ರೇಯಲ್ಲಿಡಿ. ಒಂದು ಬಾಗಿಲಿನ ಸಾಮಾನ್ಯ ಫ್ರಿಜ್ಜಿನಲ್ಲಿ ಮೇಲೆ ಐಸ್ ಪೆಟ್ಟಿಗೆಯ ಕೆಳಗಿನ ತಟ್ಟೆ, ಹಿಂಬದಿಯ ಗೋಡೆ ಎರಡೂ ಅತಿ ತಣ್ಣನೆಯ ಜಾಗ. ಟ್ರೇ ಎಲ್ಲಕ್ಕಿಂತ ಬೆಚ್ಚಗಿನದು. ಎಲೆ ಹಿಂಗೋಡೆಗೆ ತಾಗಿದರೆ ಅಲ್ಲೇ ಹೆಪ್ಪುಗಟ್ಟಿ, ಕರಗಿದಾಗ ಗಾಜಿನಂತೆ ಪಾರದರ್ಶಕವಾಗಿ ಕೊಳೆಯುತ್ತದೆ. ನಿಮ್ಮ ಫ್ರಿಜ್ಜು ನಿಜಕ್ಕೂ ಎಷ್ಟು ತಂಪು ಎಂದು ತಿಳಿಯಲು ಲೋಟದ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಟ್ರೇಯಲ್ಲಿಟ್ಟು ಬೆಳಿಗ್ಗೆ ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಸೊನ್ನೆಯಿಂದ ಐವತ್ತು ಡಿಗ್ರಿ ತೋರಿಸುವಂಥದ್ದು ಬೇಕು. ಏಪ್ರಿಲ್‌ನಲ್ಲಿ 4ನೇ ಅಂಕಿಗೋ 5ನೇ ಅಂಕಿಗೋ ಇಟ್ಟ ಫ್ರಿಜ್ಜಿನ ಗುಂಡಿಯನ್ನು ಮಳೆಗಾಲದಲ್ಲಿ ಯಾರೂ ತಿರುಗಿಸುವುದಿಲ್ಲ. ಹೊರಗಿನ ಹವೆಯೇ ತಣ್ಣಗಿರುವಾಗ 2 ಅಥವಾ 3 ಸಾಕು. ಹೆಚ್ಚಿನ ಫ್ರಿಜ್ಜುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಚಳಿ ಹೆಚ್ಚು.

ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ನವಿಲುಕೋಸಿನ ಸೊಪ್ಪನ್ನು ಬಂದ ದಿನವೇ ಕತ್ತರಿಸಿ. ಎಲೆ ಇದ್ದರೆ ಗೆಡ್ಡೆಯ ನೀರನ್ನೆಲ್ಲ ಎಳೆದುಕೊಂಡು ತಾನೂ ಬಾಡುತ್ತದೆ, ಗೆಡ್ಡೆಯನ್ನೂ ಮೆತ್ತಗೆ ಮಾಡುತ್ತದೆ. ಬೀಟ್‌ರೂಟಿಗೆ ಮಾತ್ರ ಒಂದಂಗುಲ ದಂಟು ಬಿಡಿ, ಇಲ್ಲವಾದರೆ ಬಣ್ಣ ಸೋರುತ್ತದೆ. ಮೂಲಂಗಿ ಸೊಪ್ಪು, ನವಿಲುಕೋಸಿನ ಎಳೆ ಸೊಪ್ಪನ್ನು ಬಿಸಾಡುವುದೇಕೆ, ಮಾರನೇ ದಿನದ ಪಲ್ಯ ಅದೇ. ಗೆಡ್ಡೆಗಳಿಗೆ ಪ್ಲಾಸ್ಟಿಕ್ ಕವರ್ ಆಗುತ್ತದೆ, ಒಂದು ಕೆ.ಜಿ. ಹಿಡಿಯುವ ಕವರಿಗೆ ಪೆನ್ಸಿಲ್ ದಪ್ಪದ ಎಂಟು-ಹತ್ತು ತೂತು ಮಾಡಿ. ಹೂಕೋಸನ್ನು ಬುಡ ಮೇಲಾಗಿ ಇಡಿ, ಫ್ರಿಜ್ಜಿನಲ್ಲಿ ತೊಟ್ಟಿಕ್ಕುವ ನೀರು ಹೂವಿನ ಸಂದಿಗೆ ಇಳಿದರೆ ಕಪ್ಪು ಚುಕ್ಕೆ ಬೀಳುತ್ತದೆ. ಎಲೆಕೋಸು ಇದ್ದಹಾಗೇ ಎರಡು ವಾರ ಇರುತ್ತದೆ. ಅರ್ಧಕ್ಕೆ ಹೋಳು ಮಾಡುವ ಬದಲು ಮೇಲಿನಿಂದ ಎಲೆಎಲೆಯಾಗಿ ಬಿಡಿಸಿಕೊಂಡರೆ ಕೊಯ್ದ ಮೈ ಕಪ್ಪಾಗುವ ಪ್ರಶ್ನೆಯೇ ಇಲ್ಲ.

ಕರೆಂಟಿನ ಮಾತಿಗೆ ಬರೋಣ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಖಾಲಿ ಜಾಗದಲ್ಲಿ ನೀರು ತುಂಬಿದ ಒಂದು ಲೀಟರಿನ ಮೂರು-ನಾಲ್ಕು ಬಾಟಲಿ ಇಟ್ಟಿದ್ದರೆ ಇನ್ನೂ ಹೆಚ್ಚು ಹೊತ್ತು, ಏಕೆಂದರೆ ತಣ್ಣನೆಯ ನೀರು ಬೆಚ್ಚಗಾಗಲು ಗಾಳಿಗಿಂತ ಎಷ್ಟೋ ಪಟ್ಟು ಶಾಖ ಬೇಕು. ಐಸ್ ಪೆಟ್ಟಿಗೆಯಲ್ಲಿ ಮುಕ್ಕಾಲು ಭಾಗ ನೀರು ತುಂಬಿದ ಒಂದೆರಡು ಬಾಟಲಿ ಸದಾ ಹೆಪ್ಪುಗಟ್ಟಿ ಇರಲಿ. ಪೂರ್ತಿ ತುಂಬಿದರೆ ಬಾಟಲಿ ಬಿರಿಯುತ್ತದೆ. ಕರೆಂಟು ಹೋದ ಕೂಡಲೇ ಅವನ್ನು ಕೆಳಗಿನ ತಟ್ಟೆಗೆ ಒಂದೇ ಸಲ ಇಳಿಸಿ ಬಾಗಿಲು ಮುಚ್ಚಿಬಿಡಿ. ಹಾಲು, ಮಾಂಸ, ಮಾಡಿದ ಅಡುಗೆ ಇವಕ್ಕೆ ನಾಲ್ಕು ಗಂಟೆ ದಾಟಿದರೆ ಭಯ. ತರಕಾರಿಗೆ ಅಷ್ಟು ಆತುರವಿಲ್ಲ, ಆದರೆ ಒಂದು ವಿಷಯ ನೋಡಿಕೊಳ್ಳಬೇಕು. ಎಂಟು-ಹತ್ತು ಗಂಟೆ ಕರೆಂಟು ಬರದಿದ್ದರೆ ಬಾಯಿ ಬಿಗಿದ ಕವರುಗಳನ್ನು ಹೊರತೆಗೆದು ಬಿಚ್ಚಿ. ಬೆಚ್ಚಗಾದಂತೆ ಉಸಿರಾಟ ಏರುತ್ತದೆ, ಕವರಿನೊಳಗಿನ ಆಮ್ಲಜನಕ ಮುಗಿಯುತ್ತದೆ, ತರಕಾರಿ ಹುಳಿಬಂದ ವಾಸನೆ ಹೊಡೆಯತೊಡಗುತ್ತದೆ. ಕರೆಂಟು ಬಂದ ಮೇಲೆ ಟ್ರೇಯ ತಳದಲ್ಲಿ ನಿಂತ ನೀರು ಒರೆಸಿ, ಡಬ್ಬಿಗಳ ಬಟ್ಟೆ ಬದಲಿಸಿ. ಮಳೆಗಾಲದಲ್ಲಿ ಬಾಗಿಲು ತೆರೆದಷ್ಟೂ ತೇವದ ಗಾಳಿ ಒಳನುಗ್ಗಿ ಹನಿಯಾಗಿ ತರಕಾರಿಯ ಮೇಲೆ ಕೂರುತ್ತದೆ. ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ಅಷ್ಟೇ. ಹತ್ತು ರೂಪಾಯಿ ನೋಟನ್ನು ಬಾಗಿಲಿನಲ್ಲಿ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ದೊಡ್ಡ ಫ್ರಿಜ್ಜಿಗೆ ಹಾಕುವ ದುಡ್ಡಿನಲ್ಲಿ ಬಹಳ ಸಣ್ಣ ಪಾಲು ಖರ್ಚು ಮಾಡಿ ಆ ರಬ್ಬರನ್ನು ಬದಲಿಸಿ.

ಆಲೂಗಡ್ಡೆ. ಹಾಸನದ ಆಲೂಗಡ್ಡೆ ಬಿತ್ತುವುದು ಮೇ-ಜೂನ್‌ನಲ್ಲಿ, ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಯಿಂದ. ಕೀಳುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಇನ್ನೂ ಮಳೆ ಇರುವಾಗಲೇ. ಉತ್ತರ ಭಾರತದ ಬೆಳೆ ಚಳಿಗಾಲ ಮುಗಿಯುವ ಒಣ ದಿನಗಳಲ್ಲಿ ಕೊಯ್ಲಾಗುತ್ತದೆ. ಬಾಳಿಕೆಯ ವ್ಯತ್ಯಾಸ ಇಲ್ಲಿಂದಲೇ ಹುಟ್ಟುವುದು, ಹಾಸನದ ಗೆಡ್ಡೆ ಕಳಪೆ ಎಂದಲ್ಲ. ಒದ್ದೆ ಮಣ್ಣಿನಿಂದ ಬಂದ ಗೆಡ್ಡೆಯ ಸಿಪ್ಪೆ ಬಲಿತಿರುವುದಿಲ್ಲ. ಹೆಬ್ಬೆರಳಿನಿಂದ ಉಜ್ಜಿ ನೋಡಿ: ಸಿಪ್ಪೆ ಸುಲಿದು ಬಂದರೆ ಅದು ಇಡುವ ಗೆಡ್ಡೆ ಅಲ್ಲ, ಎರಡು ವಾರದೊಳಗೆ ತಿನ್ನುವ ಗೆಡ್ಡೆ. ರುಚಿಯೂ ಆಗಲೇ ಚೆನ್ನ. ಸಿಪ್ಪೆ ಗಟ್ಟಿಯಿದ್ದರೆ ಗೋಣಿಚೀಲದ ಮೇಲೆ ಒಂದೇ ಪದರದಲ್ಲಿ, ಗಾಳಿಯಾಡುವ ಕತ್ತಲೆ ಕೋಣೆಯಲ್ಲಿ ಹತ್ತು-ಹನ್ನೆರಡು ದಿನ ಹರಡಿಡಿ. ಈ ಅವಧಿಯಲ್ಲಿ ಸಣ್ಣಪುಟ್ಟ ಗಾಯಗಳು ತಾವೇ ತೊಗಟೆ ಕಟ್ಟಿಕೊಳ್ಳುತ್ತವೆ. ಬಿಸಿಲಿಗೆ ಹಾಕಬೇಡಿ, ತೊಳೆಯಲೇಬೇಡಿ. ಆಮೇಲೆ ಬಿದಿರಿನ ಮಂಕರಿಯಲ್ಲೋ ತೂತಿನ ಕ್ರೇಟಿನಲ್ಲೋ ಒಂದಡಿಗಿಂತ ಹೆಚ್ಚು ಎತ್ತರ ಪೇರಿಸದೆ ಇಟ್ಟು, ಮೇಲೆ ಗೋಣಿ ಮುಚ್ಚಿ.

ತುಂಬುವ ಮುನ್ನ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವುದು ಬೇಸರದ ಕೆಲಸ, ಆದರೆ ಬಿಡಬೇಡಿ. ಸಿಪ್ಪೆಯ ಮೇಲೆ ಸ್ವಲ್ಪ ತಗ್ಗಿದ, ಮಾಸಲು ನೇರಳೆ-ಕಂದು ಮಚ್ಚೆ ಕಂಡರೆ ಕೊಯ್ದು ನೋಡಿ. ಸಿಪ್ಪೆಯ ಕೆಳಗೆ ತಾಮ್ರದ ಬಣ್ಣ ಹರಡಿದ್ದರೆ ಅದು ಅಂಗಮಾರಿ ತಗುಲಿದ ಗೆಡ್ಡೆ. ಹಾಸನದ ಮಳೆಗಾಲದ ಬೆಳೆಗೆ ಕಾಡುವ ರೋಗವೇ ಅದು. ಅಂಗಮಾರಿ ತಾನಾಗಿ ಒಣ ಕೊಳೆ. ಹಿಂದೆಯೇ ಬರುವ ಬ್ಯಾಕ್ಟೀರಿಯ ಮಾತ್ರ ಗೆಡ್ಡೆಯನ್ನು ನಾರುವ ಗಂಜಿಯಂತೆ ಮಾಡಿ ಸುತ್ತಲಿನ ಹತ್ತಕ್ಕೆ ಹಬ್ಬಿಸುತ್ತದೆ. ಮಳೆ ಇರುವಷ್ಟು ದಿನ ನಾಲ್ಕು ದಿನಕ್ಕೊಮ್ಮೆ ಮಂಕರಿಗೆ ಮೂಗು ಹಿಡಿಯಿರಿ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ.

ಬೆಳಕು ಬಿದ್ದರೆ ಗೆಡ್ಡೆ ಹಸಿರಾಗುತ್ತದೆ. ಹಸಿರಿನ ಜೊತೆಗೇ ಸೊಲನೈನ್ ಎಂಬ ಕಹಿ ವಿಷವೂ ಸೇರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೊಯ್ದು ತೆಗೆಯಿರಿ, ಪೂರ್ತಿ ಹಸಿರಾಗಿದ್ದರೆ ಗೊಬ್ಬರಗುಂಡಿಗೆ ಹಾಕಿ. ಸಣ್ಣ ಮೊಳಕೆ ಬಂದು ಗೆಡ್ಡೆ ಗಟ್ಟಿಯಿದ್ದರೆ ಕಣ್ಣು ಕೆತ್ತಿ ಬಳಸಬಹುದು. ಮೊಳಕೆ ತಡೆಯಲೆಂದು ಫ್ರಿಜ್ಜಿನಲ್ಲಿಡುವವರಿದ್ದಾರೆ. ಆ ಚಳಿಗೆ ಗೆಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ: ಪಲ್ಯ ಸಿಹಿಸಿಹಿ, ಚಿಪ್ಸ್ ಕರಿದರೆ ಬೇಯುವ ಮೊದಲೇ ಕಪ್ಪು. ಶೈತ್ಯಾಗಾರದಿಂದ ಬಂದ ಆಲೂಗಡ್ಡೆ ಕೆಲವೊಮ್ಮೆ ಸಿಹಿಯಾಗಿರುವುದೂ ಇದರಿಂದಲೇ. ಅಂಥದ್ದು ಹೊರಬಂದ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ, ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಕೊಳ್ಳಿ.

ಈರುಳ್ಳಿಯ ಪಕ್ಕ ಆಲೂಗಡ್ಡೆ ಇಡಬಾರದು ಎಂಬ ಮಾತು ನಿಜ. ಆಲೂಗಡ್ಡೆಗೆ ತೇವದ ಗಾಳಿ ಬೇಕು, ಈರುಳ್ಳಿಗೆ ಒಣ ಗಾಳಿ, ಅಷ್ಟೇ ಕಾರಣ. ಈರುಳ್ಳಿಯ ಸ್ವಭಾವ ವಿಚಿತ್ರ. ಸೊನ್ನೆ ಡಿಗ್ರಿಯ ಚಳಿಯಲ್ಲೂ ಬಾಳುತ್ತದೆ, 25ರಿಂದ 30 ಡಿಗ್ರಿಯ ಒಣ ಸೆಕೆಯಲ್ಲೂ ಬಾಳುತ್ತದೆ. ನಡುವಿನ 10ರಿಂದ 20 ಡಿಗ್ರಿಯಲ್ಲೇ ಜೋರಾಗಿ ಮೊಳೆಯುವುದು. ನಿಮ್ಮ ಮನೆಯ ಮಳೆಗಾಲ ಅದರ ಮೇಲಿನ ಅಂಚಿಗೆ ಹತ್ತಿರ, ಜೊತೆಗೆ ಗಾಳಿಯ ತುಂಬ ತೇವ. ಕಪ್ಪು ಪುಡಿ ಎಂದರೆ ಆಸ್ಪರ್ಜಿಲಸ್ ಎಂಬ ಬೂಷ್ಟು, ಹೊರ ಸಿಪ್ಪೆಗಳ ನಡುವೆ ಬೆಳೆಯುತ್ತದೆ. ಎರಡು ಸಿಪ್ಪೆ ತೆಗೆದು ತೊಳೆದಾಗ ಒಳಗೆ ಗಟ್ಟಿಯಾಗಿ, ಶುಭ್ರವಾಗಿದ್ದರೆ ಬಳಸಿ. ಮೆತ್ತಗಾಗಿ ವಾಸನೆ ಇದ್ದರೆ ಬೇಡ.

ಈರುಳ್ಳಿಗೆ ಮಲೆನಾಡಿನ ಮನೆಯಲ್ಲಿ ಸರಿಯಾದ ಜಾಗ ಒಲೆಯ ಮೇಲಿನ ಅಟ್ಟ ಅಥವಾ ಬಚ್ಚಲ ಹಂಡೆಯ ಒಲೆಗೆ ತಾಗಿದ ಗೋಡೆ. ಅಲ್ಲಿ ಬೆಚ್ಚಗೂ ಇದೆ, ಒಣಗಿಯೂ ಇದೆ. ಬಚ್ಚಲಿನ ಒಳಗಲ್ಲ, ಗೋಡೆಯ ಆಚೆ ಬದಿ ಎಂಬುದನ್ನು ಒತ್ತಿ ಹೇಳಬೇಕು. ಬಲೆಚೀಲದಲ್ಲಿ ಎರಡು-ಮೂರು ಕೆ.ಜಿ.ಯಂತೆ ತುಂಬಿ ಗಾಳಿಗೆ ತೂಗುಹಾಕಿ. ಕೊಳ್ಳುವಾಗ ಕುತ್ತಿಗೆ ನೋಡಿ: ತೆಳುವಾಗಿ ಒಣಗಿ ಬಿಗಿದುಕೊಂಡಿದ್ದರೆ ಬಾಳುತ್ತದೆ. ದಪ್ಪ ಕುತ್ತಿಗೆ, ಒತ್ತಿದರೆ ಮೆತ್ತಗೆ ಇದ್ದರೆ ಕೊಳೆ ಆಗಲೇ ಒಳಗಿಳಿದಿದೆ. ಕಡೂರು, ಅಜ್ಜಂಪುರದ ಕಡೆಯಿಂದ ಮಳೆಗಾಲದ ಕೊನೆಗೆ ಬರುವ ಹೊಸ ಈರುಳ್ಳಿ ತಿನ್ನಲು ಚೆನ್ನ, ಹದಿನೈದು-ಇಪ್ಪತ್ತು ದಿನದ್ದು. ಮಳೆಗಾಲಕ್ಕೆ ದಾಸ್ತಾನು ಮಾಡುವುದಿದ್ದರೆ ಬೇಸಿಗೆಯಲ್ಲಿ, ಏಪ್ರಿಲ್-ಮೇ ಹೊತ್ತಿಗೆ ಬರುವ ಒಣಗಿದ ಈರುಳ್ಳಿ ಕೊಳ್ಳಿ. ಅಟ್ಟದಲ್ಲಿ ನಾಲ್ಕು ತಿಂಗಳು ತಡೆಯುತ್ತದೆ. ಬೆಳ್ಳುಳ್ಳಿಗೂ ಇದೇ ಜಾಗ.

ಬೂದುಗುಂಬಳ, ಸಿಹಿಗುಂಬಳ, ಬಣ್ಣದ ಸೌತೆಗಳನ್ನು ಬಾಳೆನಾರಿನಲ್ಲಿ ಕಟ್ಟಿ ಜಂತೆಗೆ ತೂಗುಹಾಕುತ್ತಿದ್ದ ಕ್ರಮಕ್ಕಿಂತ ಒಳ್ಳೆಯದನ್ನು ಯಾವ ಫ್ರಿಜ್ ಕಂಪನಿಯೂ ಇನ್ನೂ ಕೊಟ್ಟಿಲ್ಲ. ತೊಟ್ಟು ಎರಡಂಗುಲ ಇರಬೇಕು, ಕಾಯಿ ಕಾಯಿಗೆ ತಾಗಬಾರದು, ಗೋಡೆಗೂ ತಾಗಬಾರದು. ಬೂದುಗುಂಬಳದ ಮೇಲಿನ ಬೂದಿ ಅದರದೇ ಮೇಣ, ಒರೆಸಬೇಡಿ. ತೊಟ್ಟು ಮುರಿದ ಕಾಯಿ ಅಟ್ಟಕ್ಕೆ ಬೇಡ, ಮೊದಲು ಸಾಂಬಾರಿಗೆ. ಹೋಳು ಮಾಡಿದ ಕುಂಬಳ ಕೆಡುವುದು ಬೀಜದ ಸುತ್ತಲಿನ ನಾರಿನಿಂದ. ಅದನ್ನು ಚಮಚದಲ್ಲಿ ಕೆರೆದು ತೆಗೆದು, ಕೊಯ್ದ ಮೈಗೆ ಕವರ್ ಅಂಟಿಸಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ.

ಶುಂಠಿ, ಕೆಸವಿನ ಗೆಡ್ಡೆಗಳನ್ನು ಕುಂಡದಲ್ಲಿ ಒಣ ಮರಳು ತುಂಬಿ ಹೂತಿಡಿ. ಕ್ಯಾರೆಟ್, ಬೀಟ್‌ರೂಟಿಗೂ ಫ್ರಿಜ್ಜಿಲ್ಲದೆ ಮರಳು ಆಗುತ್ತದೆ, ಆದರೆ ಅವಕ್ಕೆ ತುಸು ಒದ್ದೆ ಇರಬೇಕು: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಬಕೆಟ್ಟಿನಲ್ಲಿ ಎರಡಂಗುಲ ಮರಳು, ಒಂದು ಸಾಲು ಗೆಡ್ಡೆ, ಮತ್ತೆ ಮರಳು. ಹತ್ತು-ಹದಿನೈದು ದಿನ ಗರಿಗರಿಯಾಗಿಯೇ ಇರುತ್ತದೆ.

ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ಎಡವಟ್ಟು ಬಾಳೆಗೊನೆಯದು. ಹಣ್ಣಾಗುತ್ತಿರುವ ಬಾಳೆ, ಬೆಣ್ಣೆಹಣ್ಣು, ಪರಂಗಿ, ಸೀಬೆ, ಟೊಮೆಟೊ ಇವೆಲ್ಲ ಎಥಿಲೀನ್ ಅನಿಲ ಬಿಡುತ್ತವೆ. ಅದು ತಗುಲಿದರೆ ಸೊಪ್ಪು ಹಳದಿಯಾಗುತ್ತದೆ, ಸೌತೆ ಹಣ್ಣಾಗುತ್ತದೆ, ಬದನೆಯ ತೊಟ್ಟು ಕಳಚುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ತರಕಾರಿ ಬುಟ್ಟಿಯ ನೆತ್ತಿಯ ಮೇಲೆ ಗೊನೆ ಕಟ್ಟಿದ್ದರೆ ಬೇರೆ ಕೋಣೆಗೆ ಸಾಗಿಸಿ. ಸೋರೆಕಾಯಿ, ಸೌತೆ ಕಹಿಯಾಗಿದ್ದರೆ ಮಾತ್ರ ಅದು ಇಟ್ಟ ಕ್ರಮದ ದೋಷವಲ್ಲ, ಕಾಯಿಯದೇ ವಿಷ. ಸೋರೆಯ ಸಣ್ಣ ಚೂರು ನಾಲಿಗೆಗೆ ಮುಟ್ಟಿಸಿ, ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ.

ಅರಸೀಕೆರೆ, ಕಡೂರಿನ ಓದುಗರಿಗೂ ಒಂದು ಮಾತು, ಅವರ ಮಾರ್ಚ್-ಮೇ ತಿಂಗಳ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಒಣಗಾಳಿ ಇರುವುದರಿಂದ ನೀರು ಆವಿಯಾಗುವಾಗ ಹುಟ್ಟುವ ತಂಪನ್ನು ಬಳಸಿಕೊಳ್ಳಬಹುದು. ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಇಟ್ಟಿಗೆಯ ತಂಪುಪೆಟ್ಟಿಗೆ ಇದೇ ತತ್ವದ್ದು: ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಏಳೂವರೆ ಸೆಂ.ಮೀ. ಮರಳು, ದಿನಕ್ಕೆರಡು ಸಲ ನೀರು. ಮನೆಮಟ್ಟಿಗೆ ಎರಡು ಮಣ್ಣಿನ ಮಡಕೆ ಸಾಕು. ದೊಡ್ಡದರ ತಳಕ್ಕೆ ಮೂರಂಗುಲ ಮರಳು ಹಾಕಿ, ಸಣ್ಣದನ್ನು ಒಳಗಿಟ್ಟು, ಸುತ್ತಲಿನ ಎರಡಂಗುಲ ಸಂದಿಗೂ ಮರಳು ತುಂಬಿ. ಬೆಳಿಗ್ಗೆ ಸಂಜೆ ಮರಳಿಗೆ ನೀರು ಹಾಕಿ, ಬಾಯಿಗೆ ಒದ್ದೆ ಗೋಣಿ ಮುಚ್ಚಿ ಗಾಳಿ ಹೊಡೆಯುವ ನೆರಳಿನಲ್ಲಿಡಿ. ಬಣ್ಣ ಹೊಡೆದ ಮಡಕೆ ಆಗುವುದಿಲ್ಲ, ಗೋಡೆ ಬೆವರಬೇಕು. ಸೌತೆ, ಬದನೆ, ಬೀನ್ಸ್, ಟೊಮೆಟೊಗೆ ಇದು ಫ್ರಿಜ್ಜಿಗಿಂತ ಹಿತ. ಮೂಡಿಗೆರೆಯ ಜುಲೈನಲ್ಲಿ ಮಾತ್ರ ಇದನ್ನು ಮಾಡಬೇಡಿ, ಅಲ್ಲಿನ ಗಾಳಿಗೆ ಇನ್ನೊಂದು ಹನಿ ನೀರು ಹಿಡಿಯುವ ಶಕ್ತಿ ಇರುವುದಿಲ್ಲ. ತಂಪೂ ಆಗದು, ಬೂಷ್ಟು ಮಾತ್ರ ಬಂದೀತು.

ಚಳಿಗಾಲದ ಅವರೆಕಾಳು, ಬಟಾಣಿಯನ್ನು ಮಳೆಗಾಲಕ್ಕೆಂದು ಐಸ್ ಪೆಟ್ಟಿಗೆಯಲ್ಲಿಡುವವರು ಹಸಿಯಾಗಿ ಇಡಬೇಡಿ. ಕಾಳಿನೊಳಗಿನ ಕಿಣ್ವಗಳು ಆ ಚಳಿಯಲ್ಲೂ ನಿಧಾನಕ್ಕೆ ಕೆಲಸ ಮಾಡಿ ಹುಲ್ಲಿನಂಥ ವಾಸನೆ ತರುತ್ತವೆ. ಅರ್ಧ ಕೆ.ಜಿ. ಕಾಳಿಗೆ ನಾಲ್ಕು ಲೀಟರ್ ಕುದಿಯುವ ನೀರು. ಬಟಾಣಿ ಒಂದೂವರೆ ನಿಮಿಷ, ಅವರೆ ಎರಡರಿಂದ ಮೂರು ನಿಮಿಷ. ಕೂಡಲೇ ತಣ್ಣೀರಿಗೆ ಹಾಕಿ, ಸೋಸಿ, ಬಟ್ಟೆಯ ಮೇಲೆ ನೀರಾರಿಸಿ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದೊಂದು ಕವರಿಗೆ ತುಂಬಿ ಗಾಳಿ ಹಿಂಡಿ ಕಟ್ಟಿ. ಎರಡು ಬಾಗಿಲಿನ ಫ್ರಿಜ್ಜಿನ ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟುತ್ತದೆ, ಎಂಟು ತಿಂಗಳು ಇಡಬಹುದು. ಒಂದು ಬಾಗಿಲಿನದರ ಐಸ್ ಪೆಟ್ಟಿಗೆ ಅಷ್ಟು ಇಳಿಯುವುದಿಲ್ಲ. ಅದರಲ್ಲಿ ಎರಡು-ಮೂರು ವಾರಕ್ಕಿಂತ ಹೆಚ್ಚು ನೆಚ್ಚಿಕೊಳ್ಳಬೇಡಿ. ಇಡೀ ದಿನ ಕರೆಂಟು ಹೋದ ಮೇಲೆ ಕವರ್ ಮುಟ್ಟಿ ನೋಡಿ. ಕಾಳುಗಳ ನಡುವೆ ಇನ್ನೂ ಐಸ್ ಹರಳು ಉಳಿದಿದ್ದರೆ ಮತ್ತೆ ಹೆಪ್ಪುಗಟ್ಟಲು ಬಿಡಬಹುದು. ಪೂರ್ತಿ ಕರಗಿಯೂ ಫ್ರಿಜ್ಜಿನಷ್ಟೇ ತಣ್ಣಗಿದ್ದರೆ ಅವತ್ತೇ ಹುಳಿ ಮಾಡಿ. ಬೆಚ್ಚಗಾಗಿ ಕವರ್ ಉಬ್ಬಿದ್ದರೆ ಬಿಚ್ಚಿ ಮೂಸುವ ಗೋಜಿಗೂ ಹೋಗದೆ ಎಸೆದುಬಿಡಿ.